ಭತ್ತಕ್ಕೆ ನೀರು ನಿಲ್ಲಲೇಬೇಕೆ?

ಭತ್ತವೆಂದರೆ ಕೆಸರು, ಕೆಸರೆಂದರೆ ನಿಂತ ನೀರು ಎಂಬುದು ನಮ್ಮ ಮನಸ್ಸಿನಲ್ಲಿ ಊರಿಬಿಟ್ಟಿರುವ ಚಿತ್ರ. ಮಂಡ್ಯದ ಬಯಲು, ಗಂಗಾವತಿಯ ಕಾಲುವೆ ಕೆಳಗಿನ ಭೂಮಿ, ಮಲೆನಾಡಿನ ಅಡಿಕೆ ತೋಟದ ಬದಿಯ ಗದ್ದೆ, ಕರಾವಳಿಯ ಬೈಲು ಇವೆಲ್ಲ ಈ ಚಿತ್ರಕ್ಕೆ ಒಪ್ಪುತ್ತವೆ. ಆದರೆ ಧಾರವಾಡದಿಂದ ಪಶ್ಚಿಮಕ್ಕೆ ಅಳ್ನಾವರ, ಹಳಿಯಾಳಗಳ ಕಡೆಗೋ ದಕ್ಷಿಣಕ್ಕೆ ಕಲಘಟಗಿ, ಮುಂಡಗೋಡ, ಹಾನಗಲ್‌ಗಳ ಕಡೆಗೋ ಹೊರಟವರಿಗೆ ಬೇರೊಂದು ಚಿತ್ರವೂ ಪರಿಚಯ. ಅಲ್ಲಿ ಮುಂಗಾರಿನ ಮೊದಲ ಹದ ಮಳೆ ಬಿದ್ದೊಡನೆ ರೈತ ಎತ್ತು ಹೂಡಿ, ಜೋಳ ಬಿತ್ತುವಂತೆಯೇ ಭತ್ತವನ್ನು ಒಣ ಮಣ್ಣಿನಲ್ಲಿ ಕೂರಿಗೆಯಿಂದ ಬಿತ್ತುತ್ತಾನೆ. ಸಸಿಮಡಿ ಇಲ್ಲ, ಕೆಸರು ಉಳುಮೆ ಇಲ್ಲ, ನಾಟಿಯ ಗಡಿಬಿಡಿ ಇಲ್ಲ. ಸಾಲಾಗಿ ಎದ್ದ ಪೈರಿನ ನಡುವೆ ಎಡೆಕುಂಟೆ ಹಾಯುತ್ತದೆ. ಮಳೆ ಬಲಿತು ಬದುವಿನೊಳಗೆ ನೀರು ನಿಂತರೆ ಸಂತೋಷ. ಅದುವರೆಗೆ ಭತ್ತ ಒಂದು ಹೊಲದ ಬೆಳೆಯೇ.

ಕಡಿಮೆ ನೀರಿನಲ್ಲಿ ಭತ್ತ ಬೆಳೆಯುವುದು ಹೇಗೆ ಎಂಬ ಪ್ರಶ್ನೆಗೆ ಈಗ ದೇಶ ವಿದೇಶಗಳ ಪ್ರಯೋಗಾಲಯಗಳಲ್ಲಿ ಉತ್ತರ ಹುಡುಕಲಾಗುತ್ತಿದೆ. ಬರದ ವರ್ಷಗಳು ಆ ಪ್ರಶ್ನೆಯನ್ನು ಇನ್ನಷ್ಟು ಹರಿತಗೊಳಿಸಿವೆ. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223ನ್ನು ಸರ್ಕಾರ ಬರಪೀಡಿತವೆಂದು ಘೋಷಿಸಬೇಕಾಯಿತು. ಅಂಥ ವರ್ಷದಲ್ಲಿ ಕಾಲುವೆಯ ಕೊನೆಯ ರೈತನಿಗೆ ಭತ್ತ ಬೆಳೆಯಬೇಡ ಎಂದು ಹೇಳುವುದು ಸುಲಭ. ಆದರೆ ಭತ್ತ ನಿಜವಾಗಿ ಕೇಳುವುದೆಷ್ಟು ನೀರು, ನಾವು ರೂಢಿಯಿಂದ ಕೊಡುತ್ತಿರುವುದೆಷ್ಟು ಎಂಬುದನ್ನು ಬೇರೆಬೇರೆಯಾಗಿ ಅಳೆದು ನೋಡಿದ ಮೇಲೆ ಆ ಮಾತು ಹೇಳುವುದು ನ್ಯಾಯ. ಆ ಅಳತೆಗೆ ಒಂದು ದೀರ್ಘ ಚರಿತ್ರೆಯಿದೆ.

ನೀರು ಯಾರ ಬಾಯಾರಿಕೆಗೆ?

ಮೊದಲಿಗೆ ಸಸ್ಯದ ಸಂಗತಿ. ಭತ್ತ ಜಲಸಸ್ಯವಲ್ಲ, ನೀರನ್ನು ತಾಳಿಕೊಳ್ಳಬಲ್ಲ ಹುಲ್ಲು. ಬೇರು ನೀರಿನಲ್ಲಿ ಮುಳುಗಿದರೆ ಜೋಳ, ರಾಗಿ, ಗೋಧಿಯ ಪೈರುಗಳು ಉಸಿರುಗಟ್ಟಿ ಹಳದಿಯಾಗುತ್ತವೆ. ಭತ್ತದ ದಂಟು ಮತ್ತು ಬೇರುಗಳ ಒಳಗೆ ಗಾಳಿ ಹಾಯುವ ಪೊಳ್ಳು ಜಾಗಗಳಿವೆ. ಎಲೆಯ ಕಡೆಯಿಂದ ಇಳಿದ ಆಮ್ಲಜನಕ ಇವುಗಳ ಮೂಲಕ ಬೇರಿನ ತುದಿಯವರೆಗೆ ತಲುಪುತ್ತದೆ. ಹೀಗಾಗಿ ಬೇರೆ ಬೆಳೆಗಳು ಸಾಯುವಲ್ಲಿ ಅದು ಬದುಕುತ್ತದೆ. ನೀರಿನಲ್ಲಿ ಬದುಕಬಲ್ಲದು ಎಂದರೆ ನೀರು ನಿಲ್ಲದೆ ಬದುಕಲಾರದು ಎಂದು ಅರ್ಥವಲ್ಲ.

ಹಾಗಾದರೆ ರೈತ ಗದ್ದೆಯಲ್ಲಿ ನೀರು ನಿಲ್ಲಿಸುವುದೇಕೆ? ಮುಖ್ಯ ಕಾರಣ ಕಳೆ. ಹೊಲದಲ್ಲಿ ಏಳುವ ಬಹುಪಾಲು ಕಳೆಬೀಜಗಳು ನಿಂತ ನೀರಿನ ಕೆಳಗೆ ಮೊಳೆಯುವುದಿಲ್ಲ. ನಾಲ್ಕು ವಾರದ ಸಸಿಯನ್ನು ಕೆಸರಿನಲ್ಲಿ ನೆಟ್ಟು ಎರಡು ಮೂರು ಅಂಗುಲ ನೀರು ಕಟ್ಟಿದರೆ ಭತ್ತಕ್ಕೆ ಕಳೆಗಿಂತ ಒಂದು ತಿಂಗಳ ಮುನ್ನಡೆ ಸಿಕ್ಕಂತೆ. ಇದರ ಜೊತೆಗೆ ನಿಂತ ನೀರು ಮಣ್ಣಿನ ಹುಳಿಯನ್ನೂ ಕ್ಷಾರವನ್ನೂ ಮಧ್ಯಮಕ್ಕೆ ತರುತ್ತದೆ. ರಂಜಕ, ಕಬ್ಬಿಣದಂಥ ಪೋಷಕಾಂಶಗಳು ಬೇರಿಗೆ ಸುಲಭವಾಗಿ ಸಿಗುತ್ತವೆ. ಮಳೆ ಒಂದು ವಾರ ತಪ್ಪಿದರೂ ಕೈಯಲ್ಲಿ ನೀರಿದೆ ಎಂಬ ಧೈರ್ಯ ಬೇರೆ. ಕೆಸರು ಉಳುಮೆಯೂ ಇದೇ ಲೆಕ್ಕಾಚಾರದ ಭಾಗ. ನೀರು ನಿಲ್ಲಿಸಿ ಮತ್ತೆ ಮತ್ತೆ ಉತ್ತು ಮಣ್ಣಿನ ಕಣಗಳನ್ನು ಒಡೆದರೆ ಕೆಳಗೆ ಗಟ್ಟಿ ಪದರ ಕಟ್ಟಿ ನೀರು ಇಂಗುವುದು ನಿಧಾನವಾಗುತ್ತದೆ.

ಇದಕ್ಕೆ ತೆರುವ ಬೆಲೆಯನ್ನು ಹೀಗೆ ಎಣಿಸಬಹುದು. ಒಂದು ಹೆಕ್ಟೇರು ಗದ್ದೆಯಲ್ಲಿ ಒಂದು ಸೆಂಟಿಮೀಟರ್ ನೀರು ನಿಲ್ಲಿಸಿದರೆ ಅದು 1 ಲಕ್ಷ ಲೀಟರ್. ಐದು ಸೆಂಟಿಮೀಟರ್ ಎಂದರೆ 5 ಲಕ್ಷ ಲೀಟರ್. ಇದು ಒಮ್ಮೆ ತುಂಬಿಸಿ ಬಿಡುವ ಕೊಡವಲ್ಲ. ದಿನವೂ ಒಂದಿಷ್ಟು ಬಿಸಿಲಿಗೆ ಆರುತ್ತದೆ, ಒಂದಿಷ್ಟು ನೆಲಕ್ಕೆ ಇಂಗುತ್ತದೆ, ಬದುವಿನಿಂದ ಸೋರುತ್ತದೆ, ಮತ್ತೆ ತುಂಬಬೇಕು. ಫಿಲಿಪ್ಪೀನ್ಸ್‌ನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಅಂದಾಜಿನ ಪ್ರಕಾರ ಒಂದು ಕಿಲೋ ಭತ್ತ ಬೆಳೆಯಲು ಮಳೆ ಮತ್ತು ನೀರಾವರಿ ಸೇರಿ ಸರಾಸರಿ ಸುಮಾರು 2,500 ಲೀಟರ್ ನೀರು ಹೋಗುತ್ತದೆ. ಇದರಲ್ಲಿ ಪೈರಿನ ಎಲೆಗಳಿಂದಲೂ ಗದ್ದೆಯ ಮೇಲ್ಮೈಯಿಂದಲೂ ಆವಿಯಾಗುವುದು ಸುಮಾರು 1,400 ಲೀಟರ್. ಉಳಿದದ್ದು ಇಂಗುವ, ಸೋರುವ ನೀರು. ಕಡಿಮೆ ನೀರಿನ ಬೇಸಾಯದ ಇತಿಹಾಸವೆಲ್ಲ ಈ ಉಳಿದ ಪಾಲನ್ನು ತಗ್ಗಿಸುವ ಯತ್ನವೇ. ಆದರೆ ನೀರನ್ನು ತೆಗೆದೊಡನೆ ಅದು ಮಾಡುತ್ತಿದ್ದ ಕಳೆಯ ಕೆಲಸ ಇನ್ನೊಬ್ಬರ ತಲೆಯ ಮೇಲೆ ಬೀಳುತ್ತದೆ. ಆ ಇನ್ನೊಬ್ಬರು ಯಾರು ಎಂಬುದನ್ನು ಕೇಳುತ್ತ ಹೋದರೆ ಈ ಚರಿತ್ರೆ ಸ್ಪಷ್ಟವಾಗುತ್ತದೆ.

ಬುಕಾನನ್ ಕಂಡ ಮೂರು ಬಗೆ

ನಮ್ಮ ಬಯಲುಸೀಮೆ ಮೂಲತಃ ಭತ್ತದ ಸೀಮೆಯಲ್ಲ. ಬಳ್ಳಾರಿ ಬಳಿಯ ಸಂಗನಕಲ್ಲು ಮೊದಲಾದ ನವಶಿಲಾಯುಗದ ನೆಲೆಗಳಲ್ಲಿ ಸಿಕ್ಕಿರುವ ಸುಟ್ಟ ಕಾಳುಗಳನ್ನು ಪರೀಕ್ಷಿಸಿದ ಪುರಾತತ್ವ ತಜ್ಞರು, ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಇಲ್ಲಿನ ಜನರ ಮುಖ್ಯ ಆಹಾರ ಕೊರಲೆಯಂಥ ಕಿರುಧಾನ್ಯ, ಹುರುಳಿ ಮತ್ತು ಹೆಸರು ಎಂದು ಕಂಡುಕೊಂಡಿದ್ದಾರೆ. ಚೀನದ ಯಾಂಗ್‌ತ್ಸೆ ಕಣಿವೆಯಲ್ಲಿ ಸುಮಾರು ಒಂಬತ್ತು ಸಾವಿರ ವರ್ಷಗಳ ಹಿಂದೆಯೇ ಬೇಸಾಯಕ್ಕೆ ಒಳಗಾಗತೊಡಗಿದ್ದ ಭತ್ತ ದಕ್ಷಿಣದ ಒಣ ಪ್ರಸ್ಥಭೂಮಿಗೆ ಬಂದು ನೆಲೆನಿಂತದ್ದು ಬಹಳ ತಡವಾಗಿ. ಅದು ಊರಿದ್ದು ಕೆರೆ ಕಟ್ಟೆಗಳ ಜೊತೆಗೆ. ನಮ್ಮ ಶಾಸನಗಳು ಗದ್ದೆ ಮತ್ತು ಬೆದ್ದಲುಗಳನ್ನು ಬೇರೆಬೇರೆಯಾಗಿ ಎಣಿಸುತ್ತವೆ. ಕೆರೆ ಕಟ್ಟಿಸಿದವರಿಗೆ, ಕಾಪಾಡಿದವರಿಗೆ ಬಿತ್ತುವಟ್ಟ, ಕಟ್ಟುಕೊಡಗೆ ಎಂದು ಭೂಮಿ ಬಿಟ್ಟದ್ದನ್ನು ದಾಖಲಿಸುತ್ತವೆ. ನೀರಿದ್ದಲ್ಲಿ ಭತ್ತ, ಇಲ್ಲದಲ್ಲಿ ರಾಗಿ ಜೋಳ ಎಂಬ ಗೆರೆ ಆಗಲೇ ಎದ್ದು ಕಾಣುತ್ತಿತ್ತು.

ಆದರೆ ಗೆರೆಯ ಈಚೆಗೂ ಎಲ್ಲ ಗದ್ದೆಗಳು ಒಂದೇ ಬಗೆಯಲ್ಲಿ ನೀರು ಕುಡಿಯುತ್ತಿರಲಿಲ್ಲ. ಟಿಪ್ಪು ಸುಲ್ತಾನನ ಪತನದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಮೈಸೂರು ಸೀಮೆಯನ್ನು ಸುತ್ತಲು ಹೊರಟ ವೈದ್ಯ ಫ್ರಾನ್ಸಿಸ್ ಬುಕಾನನ್, ಶ್ರೀರಂಗಪಟ್ಟಣದ ಸುತ್ತಲ ಭತ್ತದ ಬೇಸಾಯವನ್ನು ವಿವರವಾಗಿ ಬರೆದಿಟ್ಟಿದ್ದಾನೆ. 1807ರಲ್ಲಿ ಅಚ್ಚಾದ ಅವನ ಪ್ರವಾಸ ಗ್ರಂಥದಲ್ಲಿ ಭತ್ತ ಹಾಕುವ ಮೂರು ಬಗೆಗಳ ಉಲ್ಲೇಖವಿದೆ. ಒಣ ಬೀಜವನ್ನು ನೇರವಾಗಿ ಗದ್ದೆಗೇ ಬಿತ್ತುವುದು 'ಬರ ಭತ್ತ'. ನೆನೆಸಿ ಮೊಳಕೆ ಬರಿಸಿದ ಬೀಜವನ್ನು ಕೆಸರಿನ ಮೇಲೆ ಚೆಲ್ಲುವುದು 'ಮೊಳೆ ಭತ್ತ'. ಸಸಿ ಬೆಳೆಸಿ ಕಿತ್ತು ನೆಡುವುದು 'ನಾಟಿ'. ಕಾವೇರಿಯ ನಾಲೆಗಳು ಹರಿಯುವ ಶ್ರೀರಂಗಪಟ್ಟಣದಂಥ ಕಡೆಯಲ್ಲೂ ಒಣ ಬಿತ್ತನೆ ಒಂದು ಮಾನ್ಯ ಪದ್ಧತಿಯಾಗಿತ್ತು ಎಂಬುದು ಇಲ್ಲಿ ಗಮನಿಸಬೇಕಾದ ಮಾತು. ನೀರು ಬರುವ ಕಾಲ, ಮಣ್ಣಿನ ಗುಣ, ಮನೆಯಲ್ಲಿರುವ ಆಳು ಎತ್ತುಗಳ ಸಂಖ್ಯೆ ನೋಡಿಕೊಂಡು ರೈತ ಮೂರರಲ್ಲೊಂದನ್ನು ಆರಿಸಿಕೊಳ್ಳುವ ಅವಕಾಶವಿತ್ತು.

ಉತ್ತರ ಕರ್ನಾಟಕದಲ್ಲಿ ಬರ ಭತ್ತಕ್ಕೆ ಕೂರಿಗೆಯ ಬಲ ಸಿಕ್ಕಿತು. ಮರದ ಬಟ್ಟಲು, ಅದರಿಂದ ಇಳಿಯುವ ಬಿದಿರಿನ ಕೊಳವೆಗಳು, ಕೆಳಗೆ ಕಬ್ಬಿಣದ ಮೊನೆಯ ತಾಳುಗಳು. ಬಟ್ಟಲಿಗೆ ಹಿಡಿ ಹಿಡಿಯಾಗಿ ಬೀಜ ಬಿಡುತ್ತ ಹೆಣ್ಣುಮಗಳು ಹಿಂದೆ ನಡೆದರೆ ಬೀಜ ಸಮನಾದ ಸಾಲಿನಲ್ಲಿ, ಸಮನಾದ ಆಳದಲ್ಲಿ ಬೀಳುತ್ತದೆ. 1790ರ ದಶಕದಲ್ಲಿ ಕಂಪನಿಯ ಸೇನೆಯ ಕ್ಯಾಪ್ಟನ್ ಥಾಮಸ್ ಹಾಲ್ಕಾಟ್ ದಕ್ಷಿಣದಲ್ಲಿ ಕೂರಿಗೆಯನ್ನು ಕಂಡು ಬೆರಗಾಗಿ ಇಂಗ್ಲೆಂಡಿನ ಕೃಷಿ ಮಂಡಳಿಗೆ ಬರೆದ. ಬೀಜವನ್ನು ಸಾಲಿನಲ್ಲಿ ಬಿತ್ತುವ ಉಪಕರಣ ಯೂರೋಪಿನ ಹೊಸ ಶೋಧವೆಂದೇ ಅವನು ಅದುವರೆಗೆ ತಿಳಿದಿದ್ದ. ಇಲ್ಲಿಯ ರೈತರಿಗೆ ಅದು ಅನಾದಿಯ ಮನೆಸಾಮಾನು.

ಭತ್ತಕ್ಕೆ ಕೂರಿಗೆ ಏಕೆ ಮುಖ್ಯವೆಂದರೆ, ಬೀಜ ಸಾಲಿನಲ್ಲಿದ್ದರೆ ಮಾತ್ರ ನಡುವೆ ಎಡೆಕುಂಟೆ ಹೊಡೆಯಬಹುದು. ಕೈಯಿಂದ ಎರಚಿದ ಬೀಜದ ನಡುವೆ ಎತ್ತು ಹಾಯುವಂತಿಲ್ಲ. ನಿಂತ ನೀರು ಮಾಡಬೇಕಾದ ಕಳೆಯ ಕೆಲಸವನ್ನು ಇಲ್ಲಿ ಎತ್ತು ಮತ್ತು ಎಡೆಕುಂಟೆ ಹಂಚಿಕೊಂಡವು. ಸಾಲಿನೊಳಗೇ ಉಳಿದ ಕಳೆಗೆ ಹೆಂಗಸರ ಕುರ್ಚಿಗೆ. ಪೈರು ಒಂದೂವರೆ ತಿಂಗಳದ್ದಾಗುವಷ್ಟರಲ್ಲಿ ಮಲೆನಾಡ ಸೆರಗಿನ ಮಳೆ ಜೋರಾಗಿ ಬದುವಿನೊಳಗೆ ನೀರು ನಿಲ್ಲುತ್ತಿತ್ತು. ಮುಂದಿನ ಕಳೆಯನ್ನು ನೀರೇ ನೋಡಿಕೊಳ್ಳುತ್ತಿತ್ತು. ಇದು ಒಣ ಬೇಸಾಯವೂ ಹೌದು, ನೀರಿನ ಬೇಸಾಯವೂ ಹೌದು. ಧಾರವಾಡ ಸಮೀಪದ ಮುಗದದಲ್ಲಿರುವ ಸಂಶೋಧನಾ ಕೇಂದ್ರ ಈ ಬಗೆಯ ಮಳೆಯಾಶ್ರಿತ ಭತ್ತದ ಮೇಲೆ ದೀರ್ಘಕಾಲ ಕೆಲಸ ಮಾಡಿದೆ. 'ಮುಗದ ಸುಗಂಧ'ದ ಹೆಸರು ಅಕ್ಕಿ ಬಲ್ಲವರಿಗೆ ಗೊತ್ತು.

ಕೆರೆ ಬಯಲಿನ ಲೆಕ್ಕ

ಹಳೆ ಮೈಸೂರಿನ ಪೂರ್ವ ಭಾಗದಲ್ಲಿ, ಕೋಲಾರ, ತುಮಕೂರುಗಳ ಕಡೆ, ಮಿತವ್ಯಯದ ದಾರಿ ಬೇರೆಯಾಗಿತ್ತು. ಅಲ್ಲಿ ನೀರನ್ನು ಉಳಿಸಿದ್ದು ಬಿತ್ತನೆಯ ವಿಧಾನಕ್ಕಿಂತ ಹಂಚಿಕೆಯ ಕಟ್ಟು. ಸರ್ಕಾರಿ ಲೆಕ್ಕದಲ್ಲಿ ರಾಜ್ಯದ ಕೆರೆಗಳು ಸುಮಾರು 36 ಸಾವಿರ. ಇವುಗಳಲ್ಲಿ ಬಹುಪಾಲು ಸಣ್ಣವು; ಒಳ್ಳೆಯ ಮಳೆಯಾದರಷ್ಟೇ ತುಂಬುವಂಥವು. ಕೆರೆಯಲ್ಲಿ ನೀರು ಎಷ್ಟಿದೆ ಎಂದು ನೋಡಿ, ಈ ವರ್ಷ ಅಚ್ಚುಕಟ್ಟಿನಲ್ಲಿ ಭತ್ತವೋ ರಾಗಿಯೋ, ಪೂರ್ತಿಯೋ ಅರ್ಧವೋ ಎಂದು ಊರಿನ ಹಿರಿಯರು ಕೂತು ತೀರ್ಮಾನಿಸುತ್ತಿದ್ದರು. ತೂಬು ತೆಗೆಯುವ, ಸರದಿಯಂತೆ ಗದ್ದೆಗೆ ನೀರು ಕಟ್ಟುವ ಹೊಣೆ ನೀರಗಂಟಿಯದು. ಕಟಾವಿನಲ್ಲಿ ಅವನಿಗೆ ಇಷ್ಟು ಎಂದು ಭತ್ತದ ಪಾಲು.

ಈ ವ್ಯವಸ್ಥೆಯನ್ನು ತೀರ ಆದರ್ಶವೆಂದು ಕೊಂಡಾಡಬೇಕಿಲ್ಲ. ತೀರ್ಮಾನ ಮಾಡುವ ಹಿರಿಯರಲ್ಲಿ ಗದ್ದೆಯುಳ್ಳವರೇ ಇದ್ದರು. ಕೆರೆಯ ನೀರನ್ನು ಹೆಗಲ ಮೇಲೆ ಹೊತ್ತು ತಂದಂತೆ ಕಾಯುತ್ತಿದ್ದ ನೀರಗಂಟಿ ಎಷ್ಟೋ ಊರುಗಳಲ್ಲಿ ಅಸ್ಪೃಶ್ಯನೆನಿಸಿಕೊಂಡವನೇ ಆಗಿದ್ದ. ಆದರೂ ನೀರಿಗೆ ಮಿತಿಯಿದೆ, ಆ ಮಿತಿಗೆ ತಕ್ಕಂತೆ ಬೆಳೆ ಎಂಬ ನಿಯಮ ಎಲ್ಲರ ಕಣ್ಣೆದುರು ಇತ್ತು. ಕೆರೆ ಕಣ್ಣಿಗೆ ಕಾಣುವ ಲೆಕ್ಕದ ಪುಸ್ತಕ.

ಕಾಲುವೆ ತಂದ ಮರೆವು

ದೊಡ್ಡ ಅಣೆಕಟ್ಟುಗಳು ಬಂದಾಗ ಈ ಪುಸ್ತಕ ಮುಚ್ಚಿತು. 1911ರಲ್ಲಿ ಆರಂಭವಾದ ಕನ್ನಂಬಾಡಿಯ ಕೆಲಸ 1930ರ ದಶಕದ ಆರಂಭಕ್ಕೆ ಮುಗಿದು ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, ಮಂಡ್ಯದ ಒಣ ಹೊಲಗಳಿಗೆ ಹರಿಯಿತು. ರಾಗಿಯ ಸೀಮೆ ಭತ್ತ, ಕಬ್ಬುಗಳ ಸೀಮೆಯಾಯಿತು. ಹಸಿವಿನಿಂದ ಬಳಲಿದ್ದ ಜಿಲ್ಲೆಗೆ ಇದು ದೊಡ್ಡ ಭಾಗ್ಯವೇ ಸರಿ. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಬಿತ್ತು.

ತುಂಗಭದ್ರಾ ಯೋಜನೆಯ ಕಥೆ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ರಾಯಚೂರು, ಬಳ್ಳಾರಿಗಳು ಬರಗಾಲದ ನಾಡು. ಆದ್ದರಿಂದ ಇರುವ ನೀರನ್ನು ತೆಳುವಾಗಿ ಹರಡಿ ಹೆಚ್ಚು ಹೊಲಗಳನ್ನು ಬರದಿಂದ ಕಾಪಾಡಬೇಕು ಎಂಬುದು ಯೋಜನೆಯ ಉದ್ದೇಶವಾಗಿತ್ತು. ಯಾವ ಹೊಲಕ್ಕೆ ಯಾವ ಬೆಳೆ ಎಂದು ಸರ್ಕಾರವೇ ಗುರುತು ಮಾಡಿತು. ಬಹುಪಾಲು ಭೂಮಿಗೆ ಜೋಳ, ಹತ್ತಿ, ಶೇಂಗಾದಂಥ ಲಘು ನೀರಾವರಿ ಬೆಳೆಗಳು. ಭತ್ತಕ್ಕೆ ಒಂದು ಸಣ್ಣ ಪಾಲು. ಆದರೆ ಕಾಲುವೆಯ ಮೇಲ್ಭಾಗದಲ್ಲಿ ನೀರು ಕೈಗೆಟುಕುವಂತೆ ಹರಿಯುತ್ತಿರುವಾಗ ಕಾಗದದ ಮೇಲಿನ ಗೆರೆಗೆ ಯಾರು ತಡೆದು ನಿಂತಾರು? ಕರಾವಳಿ ಆಂಧ್ರದಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದ ರೈತರಿಗೆ ಭತ್ತದ ಬೇಸಾಯ ಕರತಲಾಮಲಕವಾಗಿತ್ತು. ಸ್ಥಳೀಯರೂ ಕಲಿತರು. ಖಚಿತ ಮಾರುಕಟ್ಟೆ, ಅಕ್ಕಿ ಗಿರಣಿ, ಸಾಲ ಎಲ್ಲವೂ ಭತ್ತದ ಕಡೆಗೇ ಎಳೆದವು. ಮೇಲಿನವರ ಗದ್ದೆಯಲ್ಲಿ ನೀರು ನಿಂತಷ್ಟೂ ಕೊನೆಯಂಚಿನವರ ಕಾಲುವೆ ಒಣಗಿತು. ಈ ಜಗಳ ಇಂದಿಗೂ ಮುಗಿದಿಲ್ಲ. ಕಡಿಮೆ ನೀರಿನ ಭತ್ತದ ಪ್ರಶ್ನೆ ಬರಿಯ ತಾಂತ್ರಿಕ ಪ್ರಶ್ನೆಯಲ್ಲ ಎಂಬುದು ಇಲ್ಲಿ ಕಣ್ಣಿಗೆ ಹೊಡೆಯುತ್ತದೆ.

ಹೀಗೆ ಕಾಲುವೆಯ ನೀರು ಅಗ್ಗವಾದ ಕಾಲದಲ್ಲಿ ಬುಕಾನನ್ ಕಂಡ ಮೂರು ಬಗೆಗಳಲ್ಲಿ ನಾಟಿಯೊಂದೇ 'ಸುಧಾರಿತ' ಎನಿಸಿಕೊಂಡಿತು. 1953ರಲ್ಲಿ ದೇಶದಾದ್ಯಂತ ಆರಂಭವಾದ 'ಜಪಾನಿ ಪದ್ಧತಿ'ಯ ಆಂದೋಲನ ಸಾಲು ನಾಟಿ, ಕಡಿಮೆ ಬೀಜ, ಕೈಯಿಂದ ತಳ್ಳುವ ಕಳೆಯಂತ್ರಗಳನ್ನು ಪರಿಚಯಿಸಿತು. 1960ರ ದಶಕದ ಗಿಡ್ಡ ತಳಿಗಳು ಗೊಬ್ಬರ ಮತ್ತು ನಿಶ್ಚಿತ ನೀರನ್ನು ಬಯಸಿದವು. ಒಣ ಬಿತ್ತನೆ ಹಿಂದುಳಿದವರ ರೂಢಿಯಾಗಿ ಉಳಿಯಿತು.

ಮಡಗಾಸ್ಕರಿನ ಪಾದ್ರಿ

ಪ್ರಶ್ನೆ ಮತ್ತೆ ಎದ್ದದ್ದು ಅನಿರೀಕ್ಷಿತ ಜಾಗದಲ್ಲಿ. ಆಫ್ರಿಕದ ಪೂರ್ವಕ್ಕಿರುವ ಮಡಗಾಸ್ಕರ್ ದ್ವೀಪದ ಜನಕ್ಕೆ ನಮ್ಮಂತೆಯೇ ಅನ್ನವೇ ಊಟ. 1961ರಲ್ಲಿ ಅಲ್ಲಿಗೆ ಬಂದ ಫ್ರೆಂಚ್ ಜೆಸ್ಯೂಟ್ ಪಾದ್ರಿ ಆಂರಿ ದ ಲೊಲಾನಿಯೆ ಸನ್ಯಾಸ ಸ್ವೀಕರಿಸುವ ಮೊದಲು ಕೃಷಿ ವಿಜ್ಞಾನ ಓದಿದ್ದವರು. ಊರೂರು ಸುತ್ತಿ ರೈತರ ಗದ್ದೆಗಳನ್ನು ನೋಡಿದರು. ಕೆಲವರು ಗುಂಪು ಗುಂಪಾಗಿ ನೆಡುವ ಬದಲು ಒಂದೊಂದೇ ಸಸಿ ನೆಡುತ್ತಿದ್ದರು. ಕೆಲವರು ಗದ್ದೆಯಲ್ಲಿ ಸದಾ ನೀರು ನಿಲ್ಲಿಸದೆ ನಡುನಡುವೆ ಒಣಗಲು ಬಿಡುತ್ತಿದ್ದರು. ಇವುಗಳಿಂದ ನಷ್ಟವೇನೂ ಆಗುತ್ತಿರಲಿಲ್ಲ.

1983ರಲ್ಲಿ ಆಂಟ್ಸಿರಾಬೆ ಎಂಬಲ್ಲಿನ ಅವರ ಕೃಷಿ ಶಾಲೆಯಲ್ಲಿ ಕೇವಲ 15 ದಿನದ ಎಳೆ ಸಸಿಗಳನ್ನು ನೆಡಬೇಕಾದ ಪ್ರಸಂಗ ಬಂತು. ಮೊದಮೊದಲು ಗದ್ದೆ ಬೋಳುಬೋಳಾಗಿ ಕಂಡಿತು. ತಿಂಗಳು ಕಳೆಯುವಷ್ಟರಲ್ಲಿ ಒಂದೊಂದು ಸಸಿ ಹಿಂದೆಂದೂ ಕಾಣದಷ್ಟು ತೆಂಡೆ ಒಡೆಯತೊಡಗಿತು. ಇದಕ್ಕೆ ಕಾರಣವನ್ನು ಅವರು ಮುಂದೆ ಜಪಾನಿನ ವಿಜ್ಞಾನಿ ಕಾತಾಯಾಮಾ ತೆಂಡೆಗಳ ಬೆಳವಣಿಗೆಯ ಬಗ್ಗೆ ನಡೆಸಿದ್ದ ಅಧ್ಯಯನದಲ್ಲಿ ಕಂಡುಕೊಂಡರು. ಎಳೆಯದರಲ್ಲೇ, ಬೇರಿಗೆ ಪೆಟ್ಟಾಗದಂತೆ ಸ್ಥಳ ಬದಲಿಸಿದ ಸಸಿ ತನ್ನ ತೆಂಡೆ ಒಡೆಯುವ ಶಕ್ತಿಯನ್ನು ಕಳೆದುಕೊಳ್ಳುವುದಿಲ್ಲ.

ಹೀಗೆ ರೂಪುಗೊಂಡದ್ದೇ ನಮ್ಮಲ್ಲಿ 'ಶ್ರೀ ಪದ್ಧತಿ' ಅಥವಾ 'ಮಡಗಾಸ್ಕರ್ ಪದ್ಧತಿ' ಎಂದು ಹೆಸರಾದ ಬೇಸಾಯ. 8ರಿಂದ 12 ದಿನದ ಸಸಿ. ಒಂದು ಗುಣಿಗೆ ಒಂದೇ ಪೈರು. ಸುಮಾರು 25 ಸೆಂಟಿಮೀಟರ್ ಚೌಕದ ಅಂತರ. ಧಾರಾಳ ಕೊಟ್ಟಿಗೆ ಗೊಬ್ಬರ. ನೀರು ನಿಲ್ಲಿಸದೆ ಮಣ್ಣು ತೇವವಾಗಿರುವಷ್ಟೇ ನೀರು. ಸಾಲಿನ ಎರಡೂ ದಿಕ್ಕಿನಲ್ಲಿ ಉರುಳುವ ಕಳೆಯಂತ್ರ. ಎಕರೆಗೆ 25 ಕಿಲೋ ಬೀಜ ಹೋಗುತ್ತಿದ್ದಲ್ಲಿ 2 ಕಿಲೋ ಸಾಕು. 1990ರಲ್ಲಿ ಲೊಲಾನಿಯೆ ಮತ್ತು ಸಂಗಡಿಗರು 'ಟೆಫಿ ಸೈನಾ' ಎಂಬ ಸಂಸ್ಥೆ ಕಟ್ಟಿದರು. ಹೆಸರಿನ ಅರ್ಥ ಮನಸ್ಸನ್ನು ತಿದ್ದುವುದು ಎಂದು. 1995ರಲ್ಲಿ ಲೊಲಾನಿಯೆ ತೀರಿಕೊಂಡರು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ನಾರ್ಮನ್ ಅಪ್‌ಹಾಫ್ ಈ ಪದ್ಧತಿಯನ್ನು ಜಗತ್ತಿಗೆ ಪರಿಚಯಿಸಿದರು. ಭಾರತದಲ್ಲಿ 2000ದ ಹೊತ್ತಿಗೆ ತಮಿಳುನಾಡಿನಲ್ಲಿ ಪ್ರಯೋಗ ಶುರುವಾಗಿ 2003ರಲ್ಲಿ ಆಂಧ್ರದ ರೈತರ ಹೊಲಗಳಿಗೆ ಬಂತು, ಕರ್ನಾಟಕಕ್ಕೂ ಹರಡಿತು.

ವಿಜ್ಞಾನಿಗಳ ಜಗಳ

ಮಡಗಾಸ್ಕರಿನಿಂದ ಬಂದ ಕೆಲವು ಇಳುವರಿಯ ವರದಿಗಳು ವಿಜ್ಞಾನಿಗಳನ್ನು ಕೆರಳಿಸಿದವು. ಹೆಕ್ಟೇರಿಗೆ 15, 20 ಟನ್ ಎಂದರೆ ಬಿಸಿಲಿನ ಶಕ್ತಿಯ ಲೆಕ್ಕಕ್ಕೇ ಹೊಂದುವುದಿಲ್ಲ ಎಂದು 2004ರ ಸುಮಾರಿಗೆ ಜಾನ್ ಶೀಹಿ, ಕೆನೆತ್ ಕ್ಯಾಸ್‌ಮನ್ ಮೊದಲಾದವರು ಕಟುವಾಗಿ ಬರೆದರು. 2006ರಲ್ಲಿ ಕಾರ್ನೆಲ್ಲಿನವರೇ ಆದ ಇನ್ನೊಂದು ತಂಡ ಹಲವು ದೇಶಗಳ ಪ್ರಯೋಗಗಳನ್ನು ತಾಳೆ ನೋಡಿ, ಮಡಗಾಸ್ಕರಿನ ಹೊರಗೆ ಶ್ರೀ ಪದ್ಧತಿ ಉತ್ತಮ ಸಾಂಪ್ರದಾಯಿಕ ನಿರ್ವಹಣೆಗಿಂತ ಹೆಚ್ಚು ಇಳುವರಿ ಕೊಟ್ಟಿಲ್ಲ ಎಂದಿತು. 2011ರಲ್ಲಿ ಬಿಹಾರದ ನಳಂದ ಜಿಲ್ಲೆಯ ರೈತರೊಬ್ಬರು ಹೆಕ್ಟೇರಿಗೆ 22.4 ಟನ್ ಬೆಳೆದರೆಂಬ ಸುದ್ದಿ ಬಂದಾಗ ಚೀನದ ಹೈಬ್ರಿಡ್ ಭತ್ತದ ಪಿತಾಮಹ ಯುವಾನ್ ಲಾಂಗ್‌ಪಿಂಗ್ ಅದನ್ನು ನಂಬಲಿಲ್ಲ.

ಆದರೆ ದಾಖಲೆ ಇಳುವರಿಯ ಗದ್ದಲದಲ್ಲಿ ಮುಖ್ಯ ಮಾತು ಮರೆಯಾಯಿತು. ಸಣ್ಣ ರೈತನಿಗೆ ಬೇಕಾದದ್ದು ಜಗದ್ದಾಖಲೆಯಲ್ಲ. ಮೊದಲಿನಷ್ಟೇ ಭತ್ತ ಕಡಿಮೆ ನೀರು, ಕಡಿಮೆ ಬೀಜದಲ್ಲಿ ಬಂದರೂ ಅವನಿಗೆ ಲಾಭವೇ. ಗದ್ದೆಯನ್ನು ಸದಾ ಮುಳುಗಿಸದಿದ್ದರೂ ಇಳುವರಿ ಕುಸಿಯುವುದಿಲ್ಲ ಎಂಬುದನ್ನು ಶ್ರೀ ಪದ್ಧತಿಯನ್ನು ಟೀಕಿಸಿದ ವಲಯಗಳೂ ಒಪ್ಪುತ್ತವೆ. ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯೇ ಪ್ರಚಾರ ಮಾಡುತ್ತಿರುವ 'ಒಮ್ಮೆ ತೇವ, ಒಮ್ಮೆ ಒಣ' ಪದ್ಧತಿ ಇದಕ್ಕೆ ಸಾಕ್ಷಿ. ರಂಧ್ರಗಳಿರುವ ಒಂದು ಕೊಳವೆಯನ್ನು ಗದ್ದೆಯಲ್ಲಿ ಹುಗಿದು ಒಳಗಿನ ನೀರಿನ ಮಟ್ಟ ನೋಡುತ್ತಾರೆ. ಅದು ನೆಲಮಟ್ಟಕ್ಕಿಂತ 15 ಸೆಂಟಿಮೀಟರ್ ಕೆಳಗೆ ಇಳಿದಾಗ ಮಾತ್ರ ಮತ್ತೆ ನೀರು. ಹೂ ಬಿಡುವ ಕಾಲದಲ್ಲಿ ಮಾತ್ರ ಒಣಗಲು ಬಿಡಬಾರದು. ಆಗ ನೀರು ತಪ್ಪಿದರೆ ಕಾಳು ಜೊಳ್ಳಾಗುತ್ತದೆ. ಇಷ್ಟರಿಂದಲೇ ನೀರಿನಲ್ಲಿ ಶೇ 15ರಿಂದ 30ರಷ್ಟು ಉಳಿತಾಯ ಸಾಧ್ಯ.

ಇದಕ್ಕಿಂತ ಮುಂದೆ ಹೋದದ್ದು 'ಏರೋಬಿಕ್ ಭತ್ತ'. ಹೆಸರು ಹೊಸದು, ಕ್ರಮ ಬರ ಭತ್ತದ್ದೇ. ಕೆಸರು ಮಾಡದೆ ನೇರವಾಗಿ ಬಿತ್ತಿ, ರಾಗಿಗೋ ಮೆಕ್ಕೆಜೋಳಕ್ಕೋ ಹಾಯಿಸುವಂತೆ ಆಗಾಗ ನೀರು ಹಾಯಿಸುವುದು. ವ್ಯತ್ಯಾಸವಿರುವುದು ತಳಿಯಲ್ಲಿ. ಹಳೆಯ ಖುಷ್ಕಿ ಭತ್ತಗಳು ಬರ ತಾಳುತ್ತಿದ್ದರೂ ಇಳುವರಿ ಕಡಿಮೆ. ಗಿಡ್ಡ ತಳಿಗಳ ಇಳುವರಿ ಹೆಚ್ಚು, ಬೇರು ಮೇಲೆ ಮೇಲೆ. ಎರಡರ ಗುಣವನ್ನೂ ಬೆಸೆಯುವ ಕೆಲಸದಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯಕ್ಕೆ ಹೆಮ್ಮೆಯ ಸ್ಥಾನವಿದೆ. ಅಲ್ಲಿನ ವಿಜ್ಞಾನಿ ಶೈಲಜಾ ಹಿತ್ತಲಮನಿ ಮತ್ತು ತಂಡ ವಂಶವಾಹಿಯ ಗುರುತುಗಳ ನೆರವಿನಿಂದ ಆಯ್ಕೆ ಮಾಡಿ ರೂಪಿಸಿದ ಎಂಎಎಸ್ 946-1, ಅಂದರೆ 'ಶಾರದಾ' ತಳಿ, 2007ರಲ್ಲಿ ಬಿಡುಗಡೆಯಾಯಿತು. ಏರೋಬಿಕ್ ಕ್ರಮದಲ್ಲಿ ನೀರು ಮೂರನೆಯ ಒಂದು ಭಾಗದಿಂದ ಅರ್ಧದವರೆಗೂ ಉಳಿಯುತ್ತದೆ. ಆದರೆ ಕಬ್ಬಿಣದ ಕೊರತೆ, ಬೇರಿನ ಜಂತುಹುಳು, ಒಂದೇ ಹೊಲದಲ್ಲಿ ವರ್ಷ ವರ್ಷವೂ ಬೆಳೆದರೆ ಇಳುವರಿ ಇಳಿಯುವುದು ಇವು ಅದರ ತೊಡಕುಗಳು. ಆದ್ದರಿಂದ ನಡುವೆ ದ್ವಿದಳ ಧಾನ್ಯಗಳನ್ನು ಬೆಳೆಯಬೇಕು.

ಉಳಿದ ನೀರು, ಉಳಿಯದ ಕೂಲಿ

ಇಷ್ಟೆಲ್ಲ ಗೊತ್ತಿದ್ದೂ ಮುಳುಗಿದ ಗದ್ದೆಯೇ ಏಕೆ ಹೆಚ್ಚಾಗಿ ಉಳಿದಿದೆ? ಉತ್ತರ ಮತ್ತೆ ಕಳೆಯಲ್ಲಿದೆ. ಶ್ರೀ ಪದ್ಧತಿಯನ್ನು ಹಿಡಿದು ಬಿಟ್ಟ ರೈತರಲ್ಲಿ ಬಹಳ ಮಂದಿ ಹೇಳುವ ಕಾರಣ ಆಳಿನ ಕೊರತೆ. ಎಳೆ ಸಸಿಯನ್ನು ಒಂದೊಂದಾಗಿ ನೆಡಲು ಪಳಗಿದ ಕೈ ಬೇಕು. ಕಳೆಯಂತ್ರವನ್ನು ಕೆಸರಿನಲ್ಲಿ ಮೂರು ನಾಲ್ಕು ಸಲ ತಳ್ಳಲು ಮೈಯಲ್ಲಿ ಕಸುವು ಬೇಕು. ಏರೋಬಿಕ್ ಭತ್ತದಲ್ಲಿ ಈ ಕೆಲಸ ಕಳೆನಾಶಕದ ಪಾಲಾಗಿದೆ. ಅದರ ಖರ್ಚು, ಮಣ್ಣಿಗೆ ಬೀಳುವ ವಿಷ ಬೇರೆಯದೇ ಲೆಕ್ಕ. ಮತ್ತೊಂದು ಕಡೆ, ಕೂಲಿಯ ಅಭಾವವೇ ಒಣ ಬಿತ್ತನೆಯನ್ನು ಮರಳಿ ತಂದದ್ದೂ ಉಂಟು. 2020ರ ಲಾಕ್‌ಡೌನ್‌ನಲ್ಲಿ ವಲಸೆ ಕಾರ್ಮಿಕರು ಊರಿಗೆ ಮರಳಿದಾಗ ನಾಟಿಗೆ ಜನವಿಲ್ಲದೆ ಪಂಜಾಬಿನ ರೈತರು ದೊಡ್ಡ ಪ್ರಮಾಣದಲ್ಲಿ ನೇರ ಬಿತ್ತನೆಗೆ ಇಳಿದರು. ನಮ್ಮ ರಾಯಚೂರು, ಕೊಪ್ಪಳಗಳ ಕಡೆ ಕಾಲುವೆಗೆ ನೀರು ತಡವಾಗಿ ಬಿಡುವ ವರ್ಷಗಳಲ್ಲಿ ಟ್ರ್ಯಾಕ್ಟರ್ ಎಳೆಯುವ ಕೂರಿಗೆಯಿಂದ ಒಣ ಮಣ್ಣಿಗೇ ಭತ್ತ ಬೀಳುತ್ತಿದೆ. ಹಾನಗಲ್ಲಿನ ರೈತನಿಗೆ ಇದರಲ್ಲಿ ಹೊಸತೇನೂ ಕಾಣಲಿಕ್ಕಿಲ್ಲ. ಆದರೆ ಅವನ ಹಾವೇರಿ ಜಿಲ್ಲೆಯೇ ಈಗ ಮೆಕ್ಕೆಜೋಳಕ್ಕೆ ಹೆಸರುವಾಸಿ. ಕೂರಿಗೆ ಭತ್ತಕ್ಕೆ ಬೇಡಿಕೆ ಬರುವ ಹೊತ್ತಿಗೆ ಅದನ್ನು ಬಲ್ಲವರು ಬೇರೆ ಬೆಳೆಗೆ ಹೊರಳಿದ್ದಾರೆ.

ಉಳಿತಾಯದ ಲೆಕ್ಕದಲ್ಲೂ ಎಚ್ಚರ ಬೇಕು. ಗದ್ದೆಯಿಂದ ಇಂಗಿದ ನೀರೆಲ್ಲ ಪೋಲಾದದ್ದಲ್ಲ. ಕೆರೆಯ ಕೆಳಗಿನ ಬಾವಿಗಳಿಗೆ ಅದೇ ಸೆಲೆ. ಮೇಲಿನ ಗದ್ದೆಯ ಸೋರಿಕೆ ಕೆಳಗಿನ ಗದ್ದೆಯ ಪಾಲು. ಆದರೆ ನೂರಾರು ಅಡಿ ಆಳದ ಕೊಳವೆಬಾವಿಯಿಂದ ವಿದ್ಯುತ್ ಸುಟ್ಟು ಎತ್ತಿದ ನೀರನ್ನು ಗದ್ದೆಯಲ್ಲಿ ನಿಲ್ಲಿಸುವುದಕ್ಕೆ ಈ ಸಮರ್ಥನೆ ಹೊಂದದು. ಅಲ್ಲಿ ಉಳಿಸಿದ ಪ್ರತಿ ಅಂಗುಲ ನೀರೂ ನಿಜವಾದ ಉಳಿತಾಯ. ಗಾಳಿಯಾಡದ ಕೆಸರಿನಲ್ಲಿ ಸೂಕ್ಷ್ಮಜೀವಿಗಳು ಹುಟ್ಟಿಸುವ ಮೀಥೇನ್ ಭೂಮಿಯ ಬಿಸಿ ಏರಿಸುವ ಅನಿಲಗಳಲ್ಲೊಂದು. ನಡುವೆ ಗದ್ದೆಯನ್ನು ಒಣಗಿಸಿದರೆ ಅದೂ ಇಳಿಯುತ್ತದೆ ಎಂಬುದು ಇನ್ನೊಂದು ಅನುಕೂಲ.

ತಳಿಗಳ ಕೆಲಸ ನಡೆದೇ ಇದೆ. ಬರ ತಾಳುವ 'ಸಹಭಾಗಿ ಧಾನ್' ಪೂರ್ವ ಭಾರತದ ಹೊಲಗಳನ್ನು ಸೇರಿ ಹಲವು ವರ್ಷಗಳಾದವು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಜೀನ್ ತಿದ್ದುಪಡಿಯ ಎರಡು ಭತ್ತದ ತಳಿಗಳನ್ನು ಪ್ರಕಟಿಸಿತು. ಅವುಗಳಲ್ಲಿ 'ಕಮಲಾ' ಸುಮಾರು 20 ದಿನ ಬೇಗ ಕೊಯ್ಲಿಗೆ ಬರುವುದರಿಂದ ಅಷ್ಟು ದಿನದ ನೀರು ಉಳಿಯುತ್ತದೆ ಎಂಬುದು ವಿಜ್ಞಾನಿಗಳ ಹೇಳಿಕೆ. ಇವೆಲ್ಲ ಸ್ವಾಗತಾರ್ಹವೇ. ಆದರೆ ಕಾಲುವೆಯ ಮೇಲ್ಭಾಗದ ರೈತನಿಗೆ ನೀರು ಎಕರೆಗಿಷ್ಟು ಎಂಬ ಅಗ್ಗದ ದರದಲ್ಲಿ, ಅಳತೆಯಿಲ್ಲದೆ ಸಿಗುತ್ತಿರುವವರೆಗೆ ಅವನು ನೀರು ಉಳಿಸಿ ಕಳೆಯ ಕೂಲಿಯನ್ನು ಮೈಮೇಲೆ ಎಳೆದುಕೊಳ್ಳಬೇಕಾದ ಕಾರಣವೇನಿದೆ? ಉಳಿಸಿದ ನೀರು ಸಿಗುವುದು ಕೊನೆಯಂಚಿನವನಿಗೆ, ಉಳಿಸುವ ಖರ್ಚು ಬೀಳುವುದು ಮೇಲಿನವನಿಗೆ ಮತ್ತು ಬಹುಪಾಲು ಅವನ ಗದ್ದೆಯಲ್ಲಿ ಬಗ್ಗಿ ಕಳೆ ಕೀಳುವ ಕೂಲಿ ಹೆಂಗಸಿಗೆ. ಈ ಮೂವರನ್ನೂ ಒಂದೇ ಲೆಕ್ಕದಲ್ಲಿ ತರದ ಯಾವ ತಳಿಯೂ ಯಾವ ಪದ್ಧತಿಯೂ ಬಹುಕಾಲ ನಿಲ್ಲದು.

ಹಳೆಯ ಕೆರೆಬಯಲಿನಲ್ಲಿ ಆ ಲೆಕ್ಕವನ್ನು ಊರು ವರ್ಷಕ್ಕೊಮ್ಮೆಯಾದರೂ ಕೂತು ಮಾಡುತ್ತಿತ್ತು, ಕೂತವರಲ್ಲಿ ಎಲ್ಲರೂ ಇರಲಿಲ್ಲವಾದರೂ. ಇಂದು ನೀರು ಬಳಕೆದಾರರ ಸಹಕಾರ ಸಂಘಗಳು ಕಾಲುವೆ ಪ್ರದೇಶಗಳಲ್ಲಿ ಹೆಸರಿಗಾದರೂ ಇವೆ. ಅಣೆಕಟ್ಟಿನಲ್ಲಿ ಎಷ್ಟು ನೀರಿದೆ, ಯಾರು ಯಾವ ಬಗೆಯಲ್ಲಿ ಭತ್ತ ಹಾಕಬೇಕು, ಒಣ ಬಿತ್ತನೆ ಮಾಡಿದವನ ಕಳೆಯ ಖರ್ಚಿಗೆ ಯಾರು ಹೆಗಲು ಕೊಡಬೇಕು ಎಂಬುದು ಮುಂಗಾರಿಗೆ ಮುಂಚೆ ಅಲ್ಲಿ ಚರ್ಚೆಯಾಗಲಿ. ಬಿತ್ತುವ ಬಗೆಗಳು ಮೂರು ಇನ್ನೂರು ವರ್ಷಗಳ ಹಿಂದೆಯೇ ನಮ್ಮ ಕೈಯಲ್ಲಿದ್ದವು. ಆರಿಸಿಕೊಳ್ಳುವ ಸಭೆಯನ್ನು ಮಾತ್ರ ಮತ್ತೆ ಕರೆಯಬೇಕಾಗಿದೆ.